ಇನ್ನೇನೂ ಮಾಡೋಕಾಗಲ್ಲ ಅಂದ್ಮೇಲೆ ಹಾಸ್ಪಿಸ್‌ನಲ್ಲಿ ಏನು ಮಾಡ್ತಾರೆ? ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಹೋದ ಸಂಚಿಕೇಲಿ ಕ್ಯಾನ್ಸರ್ ನೋವಿನ ಬಗ್ಗೆ ಒಬ್ಬರಿಗೆ ಉತ್ತರ ಬರೀತಾ, ಕೊನೇ ಹಂತದ ಪೇಷಂಟ್‌ಗಳನ್ನ ನೋಡ್ಕೊಳ್ಳೋಕೆ ಅಂತಾನೇ ಹಾಸ್ಪಿಸ್ ಅನ್ನೋ ವ್ಯವಸ್ಥೆ ಇದೆ ಅಂತ ಎರಡು ಸಾಲು ಬರೆದಿದ್ದೆ. ಈ ಸಲ ಬಂದಿರೋ ಪತ್ರ, ಮೆಸೇಜಲ್ಲಿ ಹೆಚ್ಚುಕಮ್ಮಿ ಎಲ್ಲಾ ಅದರ ಬಗ್ಗೇನೇ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳಿದಾರೆ, ಅದಕ್ಕೆ ಊರು ಮಾತ್ರ ಹಾಕಿದೀವಿ.

ಪ್ರಶ್ನೆ: ನಮ್ಮ ಅಪ್ಪಾಜಿಗೆ 68 ವರ್ಷ, ಅನ್ನನಾಳದ ಕ್ಯಾನ್ಸರ್. ಕೀಮೋ, ರೇಡಿಯೇಶನ್ ಎಲ್ಲಾ ಆಯ್ತು. ಈಗ ಲಿವರ್‌ಗೂ ಹರಡಿದೆ, ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ ಅಂದ್ರು. ಬೆಂಗಳೂರಲ್ಲಿರೋ ನಮ್ಮ ಭಾವ ಹಾಸ್ಪಿಸ್‌ಗೆ ಸೇರ್ಸೋಣ ಅಂತಾರೆ. ಅಣ್ಣ ಒಪ್ತಿಲ್ಲ, ಹೆತ್ತಪ್ಪನ್ನ ಸಾಯೋಕೆ ಬಿಟ್ಟು ಬಂದ್ರು ಅಂತ ಊರೋರು ಆಡ್ಕೊಳ್ತಾರೆ ಅಂತಾನೆ. ಅಲ್ಲಿ ಟ್ರೀಟ್‌ಮೆಂಟ್ ಇರುತ್ತಾ ಇರಲ್ವಾ? (ದಾವಣಗೆರೆ)

ಉತ್ತರ: ಇರುತ್ತೆ. ಮುಗಿದಿರೋದು ಗಡ್ಡೆ ಕರಗಿಸೋ ಟ್ರೀಟ್‌ಮೆಂಟ್ ಮಾತ್ರ. ನಿಮ್ಮ ಅಪ್ಪಾಜಿಗೆ ನೋವಿರುತ್ತೆ, ಎಂಜಲು ನುಂಗೋಕೂ ಕಷ್ಟ ಆಗ್ತಿರಬಹುದು, ಬಿಕ್ಕಳಿಕೆ ಶುರುವಾದ್ರೆ ನಿಲ್ದೇ ಇರಬಹುದು, ಮೋಷನ್ ಕಟ್ಟಿರಬಹುದು, ರಾತ್ರಿಯೆಲ್ಲಾ ಹೊರಳಾಡ್ತಿರಬಹುದು. ಇದಕ್ಕೆಲ್ಲಾ ಔಷಧಿ ಇದೆ, ಇದನ್ನೇ ಕಲಿತು ಬಂದಿರೋ ಡಾಕ್ಟ್ರು, ನರ್ಸುಗಳಿದಾರೆ. "ಇನ್ನೇನೂ ಮಾಡೋಕಾಗಲ್ಲ" ಅನ್ನೋ ಮಾತು ಕೇಳಿದಾಗಲೆಲ್ಲಾ ನಂಗೆ ಸಂಕಟ ಆಗುತ್ತೆ, ಯಾಕಂದ್ರೆ ಅದನ್ನ ಕೇಳಿಸ್ಕೊಂಡ ಮನೆಯವರು ಪೇಷಂಟ್‌ನ ಕರ್ಕೊಂಡು ಹೋಗಿ ಒಳಗಿನ ರೂಮಲ್ಲಿ ಮಲಗ್ಸಿ, ಅವರು ನರಳೋದನ್ನ ಕೇಳ್ತಾ, ಈ ಕಾಯಿಲೆ ಅಂದ್ಮೇಲೆ ಇದೆಲ್ಲಾ ಇದ್ದಿದ್ದೇ ಅಂತ ಸುಮ್ನಾಗಿಬಿಡ್ತಾರೆ. ಅಷ್ಟು ನರಳೋ ಅಗತ್ಯಾನೇ ಇರಲ್ಲ, ಎಷ್ಟೋ ಜನಕ್ಕೆ ಅದು ಗೊತ್ತಾಗೋದು ತೀರಾ ತಡವಾಗಿ.

ಒಂದು ಉದಾಹರಣೆ ಹೇಳ್ತೀನಿ. ನಮ್ಮ ಕಡೆ ಅಡಿಕೆ, ಗುಟ್ಕಾ, ಹೊಗೆಸೊಪ್ಪಿಂದ ಬರೋ ಬಾಯಿ ಕ್ಯಾನ್ಸರ್ ತುಂಬಾ. ಕೆನ್ನೆ ಗಾಯ ಹೊರಗೆ ಒಡೆದು ಬಿಟ್ರೆ ಕೆಟ್ಟ ವಾಸನೆ ಬರುತ್ತೆ, ಆ ವಾಸನೆಗೆ ನಾಚ್ಕೊಂಡು ಪೇಷಂಟೇ ಮೊಮ್ಮಕ್ಕಳನ್ನ ಹತ್ರ ಸೇರ್ಸಲ್ಲ, ಮುಖಕ್ಕೆ ಟವಲ್ ಮುಚ್ಕೊಂಡು ಗೋಡೆ ಕಡೆ ತಿರುಗಿ ಮಲಗಿರ್ತಾರೆ. ಹಾಸ್ಪಿಸ್‌ನಲ್ಲಿ ನರ್ಸ್ ಬಂದು, ಡ್ರೆಸಿಂಗ್‌ಗೆ ಅರ್ಧ ಗಂಟೆ ಮುಂಚೆ ನೋವಿನ ಔಷಧಿ ಕೊಟ್ಟು, ಆಮೇಲೆ ಸಲೈನ್ ಹಾಕಿ ಹಳೇ ಗಾಜ್ ಬಟ್ಟೇನ ನೆನೆಸಿ ನೆನೆಸಿ ತಾನಾಗೇ ಬಿಡೋ ತನಕ ಕಾಯ್ತಾರೆ, ಎಳೆದು ಕೀಳಲ್ಲ. ಗಾಯ ತೊಳೆದು ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಉದುರಿಸಿ ಕಟ್ತಾರೆ. ತುಂಬಾ ಕಡಿಮೆ ಬೆಲೆಯ ಮಾತ್ರೆ ಅದು. ಕೆಲವೇ ದಿನದಲ್ಲಿ ವಾಸನೆ ಇಳಿಯುತ್ತೆ, ಟವಲ್ ಸರಿಸಿ ಮನುಷ್ಯ ಈ ಕಡೆ ತಿರುಗ್ತಾರೆ. ಕ್ಯಾನ್ಸರ್ ಅಷ್ಟೇ ಇರುತ್ತೆ, ಗಾಯಾನೂ ಅಲ್ಲೇ ಇರುತ್ತೆ. ಆದ್ರೆ ಮೊಮ್ಮಗ ಪಕ್ಕದಲ್ಲಿ ಕೂತಿರ್ತಾನೆ. ಇದನ್ನ ಟ್ರೀಟ್‌ಮೆಂಟ್ ಅನ್ನದೆ ಇನ್ನೇನಂತೀರಿ?

ಬೆಂಗಳೂರಲ್ಲಿ ಮಾರತ್ತಹಳ್ಳಿ ಕಡೆ ಕರುಣಾಶ್ರಯ ಅನ್ನೋ ಹಾಸ್ಪಿಸ್ ಇದೆ. 1994ರಲ್ಲಿ ಟ್ರಸ್ಟ್ ಶುರುವಾಗಿ, 1999ರಿಂದ ಈಗಿರೋ ಕಟ್ಟಡದಲ್ಲಿ ಒಳರೋಗಿಗಳನ್ನ ನೋಡ್ಕೊಳ್ತಿದಾರೆ, ವಾಸಿ ಮಾಡೋ ಹಂತ ದಾಟಿದ ಕ್ಯಾನ್ಸರ್ ಪೇಷಂಟ್‌ಗಳಿಗೆ ಅಂತಾನೇ ಇರೋದು, ದುಡ್ಡು ತಗೊಳ್ಳಲ್ಲ. ಸುತ್ತಮುತ್ತ ಇರೋರ ಮನೆಗೆ ಹೋಗಿ ನೋಡೋ ತಂಡಾನೂ ಇದೆ. ಬೆಂಗಳೂರಿನ ಕಿದ್ವಾಯಿ, ಸೇಂಟ್ ಜಾನ್ಸ್, ಮಣಿಪಾಲದ ಕೆಎಂಸಿ ಆಸ್ಪತ್ರೆಗಳಲ್ಲಿ ಪ್ಯಾಲಿಯೇಟಿವ್ ಕೇರ್, ಅಂದ್ರೆ ಕಾಯಿಲೆ ವಾಸಿ ಆಗ್ದಿದ್ರೂ ನೋವು, ನರಳಾಟ ಕಮ್ಮಿ ಮಾಡೋ ಆರೈಕೆಯ ವಿಭಾಗಗಳಿವೆ. ಹಾಸ್ಪಿಸ್‌ಗೆ ಹೋದ್ರೆ ಅಲ್ಲೇ ಇರಬೇಕು ಅಂತೇನಿಲ್ಲ, ನೋವು, ವಾಂತಿ ಹದಕ್ಕೆ ಬಂದ್ಮೇಲೆ ಮನೆಗೆ ವಾಪಸ್ ಹೋಗೋರೂ ಇದಾರೆ, ಹೇಗೆ ನೋಡ್ಕೋಬೇಕು ಅಂತ ಮನೆಯವರಿಗೆ ಹೇಳ್ಕೊಟ್ಟು ಕಳಿಸ್ತಾರೆ.

ನಿಮ್ಮಣ್ಣನ ಮೇಲೆ ಬೇಜಾರು ಮಾಡ್ಕೋಬೇಡಿ. ಅವರ ಮಾತಲ್ಲಿರೋದು ಅಪ್ಪನ ಮೇಲಿನ ಪ್ರೀತೀನೇ. ಒಂದು ದಿನ ಅವರನ್ನ ಕರ್ಕೊಂಡು ಹೋಗಿ ಜಾಗ ತೋರ್ಸಿ, ಅಲ್ಲಿರೋ ಪೇಷಂಟ್‌ಗಳ ಮನೆಯವರ ಜೊತೆ ಮಾತಾಡ್ಲಿ. ಮತ್ತೆ ಎಲ್ಲಕ್ಕಿಂತ ಮುಂಚೆ ಅಪ್ಪಾಜೀನ ಕೇಳಿ, ಅವರಿಗೆ ಎಲ್ಲಿರೋಕೆ ಇಷ್ಟ ಅಂತ. ಅವರು ಮನೇಲೇ ಇರ್ತೀನಿ ಅಂದ್ರೆ ಇದೇ ಆರೈಕೇನ ಮನೆಗೇ ತರೋ ದಾರಿ ನೋಡಿ.

ಪ್ರಶ್ನೆ: ನಾ ನರ್ಸಿಂಗ್ ಓದಾಕತ್ತೀನ್ರೀ ಡಾಕ್ಟ್ರ. ಈ ಹಾಸ್ಪಿಸ್ ಅನ್ನೋದು ಎಲ್ಲಿ ಶುರು ಆತು, ಇದರ ಹಿಂದಿನ ವಿಚಾರ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ರಿ. (ಧಾರವಾಡ)

ಉತ್ತರ: ನೀವು ನರ್ಸಿಂಗ್ ಓದ್ತಿದೀರಿ ಅಂದ್ಮೇಲೆ ಇದು ನಿಮಗೆ ಇಷ್ಟ ಆಗುತ್ತೆ, ಯಾಕಂದ್ರೆ ಇದನ್ನ ಈ ರೂಪಕ್ಕೆ ತಂದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು. ಬೆನ್ನುನೋವಿಂದ ಆ ಕೆಲಸ ಬಿಡಬೇಕಾಯ್ತು, ಆಸ್ಪತ್ರೇಲೇ ಸಮಾಜ ಕಾರ್ಯಕರ್ತೆ ಆದ್ರು. 1940ರ ದಶಕದ ಕೊನೇಲಿ ಲಂಡನ್ನಿನ ಆಸ್ಪತ್ರೇಲಿ ಡೇವಿಡ್ ಟಾಸ್ಮಾ ಅಂತ ಪೋಲೆಂಡಿಂದ ಬಂದ ಯಹೂದಿ ನಿರಾಶ್ರಿತ, ಕ್ಯಾನ್ಸರ್‌ನಿಂದ ಸಾಯ್ತಿದ್ದ, ಅವನಿಗೆ ಹತ್ತಿರದವರು ಅಂತ ಹೆಚ್ಚು ಯಾರೂ ಇರ್ಲಿಲ್ಲ. ಸಾಯ್ತಿರೋರಿಗೆ ಎಂಥಾ ಜಾಗ ಇದ್ರೆ ಚೆನ್ನಾಗಿರುತ್ತೆ ಅಂತ ಇಬ್ರೂ ಕೂತು ಮಾತಾಡ್ತಿದ್ರು. ಅವನು ಸಾಯುವಾಗ 500 ಪೌಂಡ್ ಅವರಿಗೆ ಬಿಟ್ಟು ಹೋದ, ನಿಮ್ಮ ಮನೆಗೆ ನಾನೊಂದು ಕಿಟಕಿ ಆಗ್ತೀನಿ ಅಂದಿದ್ದ. ಆಮೇಲೆ ಸಾಂಡರ್ಸ್, ಡಾಕ್ಟರ್ ಆಗದೆ ಈ ಕೆಲಸ ಆಗಲ್ಲ ಅಂತ ಮೂವತ್ತು ದಾಟಿದ್ಮೇಲೆ ಮೆಡಿಕಲ್ ಸೇರಿ 1957ರಲ್ಲಿ ಪಾಸ್ ಆದ್ರು. 1967ರಲ್ಲಿ ಲಂಡನ್ನಿನ ಸಿಡನ್‌ಹ್ಯಾಮ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಶುರು ಮಾಡಿದ್ರು. 2005ರಲ್ಲಿ ಅವರು ಕಣ್ಣು ಮುಚ್ಚಿದ್ದೂ ಅದೇ ಹಾಸ್ಪಿಸ್‌ನಲ್ಲೇ.

ಅವರು ಕೊಟ್ಟ ಮುಖ್ಯವಾದ ವಿಚಾರ ಏನಂದ್ರೆ ಸಾಯ್ತಿರೋ ಮನುಷ್ಯನ ನೋವು ಬರೀ ಮೈದಲ್ಲ, ಮನಸ್ಸಿನ ಭಯ, ಮನೆ ಸಂಸಾರದ ಚಿಂತೆ, ದುಡ್ಡಿನ ಚಿಂತೆ, ನಂಗೇ ಯಾಕೆ ಹಿಂಗಾಯ್ತು ಅಂತ ದೇವರ ಹತ್ರ ಕೇಳೋ ಪ್ರಶ್ನೆ, ಎಲ್ಲಾ ಸೇರಿ ಒಂದೇ ನೋವಾಗಿರುತ್ತೆ, ಅದನ್ನ ಒಟ್ಟಿಗೇ ನೋಡ್ಬೇಕು ಅಂತ. ಪುಸ್ತಕದಲ್ಲಿ ಓದಿದ್ರೆ ದೊಡ್ಡ ಮಾತು ಅನ್ಸುತ್ತೆ, ವಾರ್ಡಲ್ಲಿ ನೋಡಿದ್ರೆ ಕಣ್ಣಿಗೆ ಕಾಣುತ್ತೆ. ನಾನು ನೋಡಿದ ಒಬ್ಬರು ರೈತರು, ಬೆನ್ನುಮೂಳೆಗೆ ಹರಡಿದ ಕ್ಯಾನ್ಸರ್, ಮಾರ್ಫಿನ್ ಡೋಸ್ ಏರಿಸ್ತಾನೇ ಹೋದ್ರೂ ಹಗಲು ಸ್ವಲ್ಪ ಪರವಾಗಿಲ್ಲ ಅಂತಿದ್ರು, ರಾತ್ರಿಯಾದ್ರೆ ಕಿರುಚಾಟ. ನಮ್ಮ ಸಮಾಜ ಕಾರ್ಯಕರ್ತೆ ಒಂದು ಸಂಜೆ ಅವರ ಹತ್ರ ಸುಮ್ನೆ ಕೂತಾಗ ಹೊರಗೆ ಬಂತು, ಮಗಳ ಮದುವೆಗೆ ಅಂತ ಮಾಡಿಸಿದ್ದ ಸರ, ಓಲೆನ ತಮ್ಮ ಟ್ರೀಟ್‌ಮೆಂಟ್‌ಗೆ ಅಂತ ಅಡ ಇಟ್ಟಿದ್ರು, ಹೆಂಡ್ತಿಗೆ ಹೇಳಿರ್ಲಿಲ್ಲ. ಹೆಂಡ್ತೀನ ಕರೆದು ಮಾತಾಡ್ಸಿದ್ವಿ. ಆಯಮ್ಮಂಗೆ ಯಾವತ್ತೋ ಗೊತ್ತಿತ್ತು, ಗಂಡ ನೊಂದ್ಕೊಳ್ತಾರೆ ಅಂತ ಬಾಯಿ ಬಿಟ್ಟಿರ್ಲಿಲ್ಲ. ಅವತ್ತು ಇಬ್ರೂ ಅತ್ರು, ಆಮೇಲೆ ಅಣ್ತಮ್ಮಂದಿರನ್ನ ಕರೆಸಿ ಒಡವೆ ಬಿಡಿಸೋ ಮಾತೂ ಆಯ್ತು. ಆ ರಾತ್ರಿ ಅವರು ನಿದ್ದೆ ಮಾಡಿದ್ರು, ಮುಂದಿನ ವಾರ ನಾವು ಡೋಸ್ ಕಮ್ಮಿ ಮಾಡಿದ್ವಿ. ಹಾಸ್ಪಿಸ್‌ನಲ್ಲಿ ಡಾಕ್ಟ್ರು, ನರ್ಸ್, ಸಮಾಜ ಕಾರ್ಯಕರ್ತರು, ಕೌನ್ಸೆಲರ್, ವಾಲಂಟಿಯರ್ ಎಲ್ಲಾ ಒಂದೇ ಟೀಮಾಗಿ ಇರೋದು ಇದಕ್ಕೇ.

ನಮ್ಮ ದೇಶದಲ್ಲಿ ಮೊದಲ್ನೇ ಹಾಸ್ಪಿಸ್ 1986ರಲ್ಲಿ ಮುಂಬೈನ ಬಾಂದ್ರಾದಲ್ಲಿ ಶುರುವಾದ ಶಾಂತಿ ಅವೇದನಾ. 1993ರಲ್ಲಿ ಕೋಳಿಕ್ಕೋಡ್‌ನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತೆ ಅವರ ಜೊತೆಯವರು ಪೇನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ ಕಟ್ಟಿದ್ರು. ಕೇರಳದವರು ಅಲ್ಲಿಂದ ಮುಂದೆ ಮಾಡಿದ್ದು ದೊಡ್ಡ ಕೆಲಸ, ಹಾಸಿಗೆ ಹಿಡಿದವರನ್ನ ನೋಡ್ಕೊಳ್ಳೋದು ಇಡೀ ಊರಿನ ಜವಾಬ್ದಾರಿ ಅಂತ ಮಾಡಿ, ಅಕ್ಕಪಕ್ಕದ ಮನೆಯವರಿಗೇ ಟ್ರೈನಿಂಗ್ ಕೊಟ್ಟು ವಾಲಂಟಿಯರ್ ಮಾಡಿದ್ರು, 2008ರಲ್ಲಿ ಅಲ್ಲಿನ ಸರ್ಕಾರ ಇದಕ್ಕೆ ಅಂತಾನೇ ಒಂದು ನೀತಿ ತಂತು, ಪಂಚಾಯ್ತಿಗಳೂ ಕೈ ಜೋಡಿಸಿದ್ವು. ನಮ್ಮ ಪಕ್ಕದ ರಾಜ್ಯದಲ್ಲಿ ಆಗಿದ್ದು ನಮ್ಮ ತಾಲೂಕುಗಳಲ್ಲೂ ಆಗಬೇಕು. ನೀವು ಓದು ಮುಗಿಸಿ ಈ ಕಡೆ ಬನ್ನಿ, ನರ್ಸುಗಳಿಲ್ದೆ ಇದು ನಡೆಯಲ್ಲ.

ಪ್ರಶ್ನೆ: ಅಮ್ಮಂಗೆ ಮಾರ್ಫಿನ್ ಮಾತ್ರೆ ಬರ್ಕೊಟ್ಟಿದಾರೆ. ಅದು ಅಫೀಮಿಂದ ಮಾಡೋದಂತೆ, ಚಟ ಆಗುತ್ತೆ, ಕೊಟ್ರೆ ಬೇಗ ಹೋಗ್ಬಿಡ್ತಾರೆ ಅಂತೆಲ್ಲಾ ಹೇಳ್ತಾರೆ. ತುಂಬಾ ನೋವು ಅಂದಾಗ ಮಾತ್ರ ಅರ್ಧ ಮಾತ್ರೆ ಕೊಡ್ತಿದೀನಿ. ಸರಿನಾ? (ಹಾಸನ)

ಉತ್ತರ: ದಯವಿಟ್ಟು ಡಾಕ್ಟ್ರು ಬರೆದಂಗೇ ಕೊಡಿ. ಮಾಮೂಲಿ ಮಾರ್ಫಿನ್ ಮಾತ್ರೆ ಕೆಲಸ ಮಾಡೋದು ನಾಲ್ಕು ಗಂಟೆ ಹೊತ್ತು, ಅದಕ್ಕೇ ಗಡಿಯಾರ ನೋಡ್ಕೊಂಡು ಕೊಡ್ಬೇಕು, ನೋವು ಬಂದ್ಮೇಲೆ ಓಡೋದಲ್ಲ. ನೀವು ಮಾಡ್ತಿರೋ ಹಾಗೆ ಕೊಟ್ರೆ ಅಮ್ಮ ದಿನಾ ಪೂರ್ತಿ ನೋವಿಗೆ ಹೆದರ್ಕೊಂಡೇ ಇರ್ತಾರೆ. ನೋವಿಗೆ ಅಂತ ಡಾಕ್ಟ್ರು ನೋಡ್ಕೊಂಡು ಕೊಡೋವಾಗ ಚಟ ಹತ್ತೋದು ತೀರಾ ಅಪರೂಪ. ಸರಿಯಾದ ಡೋಸಲ್ಲಿ ಶುರು ಮಾಡಿ ನಿಧಾನಕ್ಕೆ ಏರಿಸಿದ್ರೆ ಸಾವನ್ನ ಹತ್ರ ತರೋದೂ ಇಲ್ಲ. ಮೊದಲ ಎರಡು ಮೂರು ದಿನ ಮಂಪರು, ವಾಕರಿಕೆ ಇರಬಹುದು, ಸಾಮಾನ್ಯವಾಗಿ ತಾನಾಗೇ ಹೋಗುತ್ತೆ. ಮಲಬದ್ಧತೆ ಮಾತ್ರ ಹೋಗಲ್ಲ, ಮಾರ್ಫಿನ್ ಇರೋ ತನಕ ಇರುತ್ತೆ, ಅದಕ್ಕೆ ಮೋಷನ್ ಆಗೋ ಔಷಧೀನೂ ಮೊದಲ ದಿನದಿಂದಲೇ ಬೇಕು. ಬರ್ಕೊಟ್ಟಿಲ್ಲ ಅಂದ್ರೆ ಕೇಳಿ ಬರೆಸ್ಕೊಳ್ಳಿ. ಅಮ್ಮನ್ನ ಎಬ್ಬಿಸಿದ್ರೂ ಏಳದಷ್ಟು ಮಂಪರಾದ್ರೆ, ಉಸಿರು ತೀರಾ ನಿಧಾನ ಆದ್ರೆ ಮುಂದಿನ ಡೋಸ್ ಕೊಡೋ ಮುಂಚೆ ಡಾಕ್ಟ್ರಿಗೆ ಫೋನ್ ಮಾಡಿ. ಏಕಾಏಕಿ ನಿಲ್ಲಿಸೋದೂ ಬೇಡ.

ಇಲ್ಲಿ ಒಂದು ಮಾತು ಹೇಳ್ಲೇಬೇಕು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಲೈಸೆನ್ಸ್ ತಗೊಂಡೇ ಅಫೀಮು ಬೆಳೀತಾರೆ, ಔಷಧಿಗೆ ಬೇಕಾದ ಕಚ್ಚಾ ಮಾಲು ನಮ್ಮಲ್ಲೇ ಇದೆ. ಆದ್ರೂ ಮಾದಕ ವಸ್ತುಗಳನ್ನ ತಡೆಯೋ 1985ರ ಎನ್‌ಡಿಪಿಎಸ್ ಕಾಯ್ದೆ ಬಂದ್ಮೇಲೆ ಮಾರ್ಫಿನ್ ಇಟ್ಕೊಳ್ಳೋಕೆ ಬೇರೆ ಬೇರೆ ಇಲಾಖೆಗಳ ಲೈಸೆನ್ಸ್ ಬೇಕಾಗಿ, ಆ ತಲೆನೋವೇ ಬೇಡ ಅಂತ ಎಷ್ಟೋ ಆಸ್ಪತ್ರೆಗಳು ಇಡೋದನ್ನೇ ಬಿಟ್ವು, ಆಮೇಲೆ ಓದಿ ಬಂದ ಎಷ್ಟೋ ಡಾಕ್ಟ್ರುಗಳಿಗೆ ಅದನ್ನ ಬರೆದು ಅಭ್ಯಾಸಾನೇ ಇಲ್ಲದಂಗಾಯ್ತು. 2014ರಲ್ಲಿ ತಿದ್ದುಪಡಿ ಮಾಡಿ ನಿಯಮ ಸಲೀಸು ಮಾಡಿದಾರೆ. ನಿಮ್ಮ ತಾಯಿ ಕೈಗೆ ಈ ಮಾತ್ರೆ ಬಂದಿದೆ, ಎಷ್ಟೋ ತಾಯಂದಿರಿಗೆ ಇವತ್ತಿಗೂ ಸಿಗ್ತಿಲ್ಲ. ಹೆದರ್ಕೊಂಡು ಡಬ್ಬೀಲಿ ಇಟ್ಟುಬಿಡ್ಬೇಡಿ.

ಪ್ರಶ್ನೆ: ನಮ್ಮ ಅಜ್ಜಿ ಊಟವೇ ಬಿಟ್ಟಿದ್ದಾರೆ. ಒಂದೆರಡು ಚಮಚ ಗಂಜಿ ಕೊಟ್ಟರೂ ಬಾಯಲ್ಲೇ ಇಟ್ಟುಕೊಳ್ಳುತ್ತಾರೆ. ಹೊಟ್ಟೆಗಿಲ್ಲದೆ ಸಾಯಲು ಬಿಡುವುದು ಹೇಗೆ, ಡ್ರಿಪ್ ಹಾಕಿಸಬೇಕಲ್ಲವೇ ಎಂದು ಮನೆಯಲ್ಲಿ ದಿನಾ ಜಗಳ. (ಮಂಗಳೂರು)

ಉತ್ತರ: ಊಟ ಹಾಕೋದೇ ಪ್ರೀತಿ ತೋರ್ಸೋ ರೀತಿ ನಮ್ಮಲ್ಲಿ, ಹಾಗಾಗಿ ಇದಕ್ಕಿಂತ ಸಂಕಟದ ಪ್ರಶ್ನೆ ಇಲ್ಲ. ಮೊದಲು ಒಂದ್ಸಲ ಡಾಕ್ಟ್ರಿಗೆ ತೋರ್ಸಿ, ಬಾಯಲ್ಲಿ ಹುಣ್ಣು, ಬಿಳಿ ಫಂಗಸ್, ಮಲಬದ್ಧತೆ ಇದ್ರೆ ಸರಿ ಮಾಡ್ಬಹುದು, ಸರಿ ಆದ್ರೆ ಮತ್ತೆ ನಾಲ್ಕು ತುತ್ತು ತಿನ್ಬಹುದು. ಅದ್ಯಾವುದೂ ಇಲ್ಲ, ಕಾಯಿಲೇನೇ ಕೊನೇ ಹಂತಕ್ಕೆ ಬಂದಿದೆ ಅಂದ್ರೆ, ಅವರ ಮೈಗೆ ಆಹಾರ ಬೇಡವಾಗಿದೆ. ಊಟ ಬಿಟ್ಟಿದ್ದಕ್ಕೆ ಅವರು ಹೋಗ್ತಿಲ್ಲ, ಹೋಗೋ ಹೊತ್ತು ಹತ್ರ ಬಂದಿರೋದಕ್ಕೆ ಊಟ ಸೇರ್ತಿಲ್ಲ. ಬಲವಂತ ಮಾಡಿ ತುರುಕಿದ್ರೆ ಶ್ವಾಸಕೋಶಕ್ಕೆ ಹೋಗಿ ಕೆಮ್ಮು, ನ್ಯುಮೋನಿಯಾ ಆಗುತ್ತೆ. ಡ್ರಿಪ್ ನೀರನ್ನ ಆ ಮೈ ಅರಗಿಸ್ಕೊಳ್ಳಲ್ಲ, ಕೈಕಾಲು ಊದ್ಕೊಳ್ಳೋದು, ಎದೇಲಿ ಗೊರಗೊರ ಜಾಸ್ತಿ ಆಗೋದೇ ಹೆಚ್ಚು.

ಮಾಡೋಕೆ ಕೆಲಸ ಇದೆ ನಿಮಗೆ. ಮೆತ್ತಗಿರೋ ಬಟ್ಟೆ ಒದ್ದೆ ಮಾಡಿ ಆಗಾಗ ಬಾಯಿ ಒಳಗೆ, ನಾಲಿಗೆ ಮೇಲೆ ಒರೆಸಿ, ತುಟಿಗೆ ಚೂರು ತುಪ್ಪ ಇಲ್ಲಾ ವ್ಯಾಸಲಿನ್ ಹಚ್ಚಿ, ಬಾಯಿ ಒಣಗಿದ್ರೆ ಅದೇ ದೊಡ್ಡ ಹಿಂಸೆ. ಎಚ್ಚರ ಇದ್ದು ಕೇಳಿದ್ರೆ ತಲೆ ಎತ್ತರಕ್ಕಿಟ್ಟು ಒಂದೊಂದೇ ಹನಿ ಎಳನೀರು, ಅವರು ಇಷ್ಟಪಡ್ತಿದ್ದ ಕಾಫಿ ಕೊಡಿ, ಶುಗರ್ ಇದೆ ಅಂತ ಈಗ ಪಥ್ಯ ಬೇಡ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ. ಪಕ್ಕದಲ್ಲಿ ಕೂತು ತುಳುನೋ ಕೊಂಕಣಿನೋ ಕನ್ನಡನೋ, ಅವರ ಭಾಷೇಲಿ ಮಾತಾಡ್ತಿರಿ, ಉತ್ತರ ಕೊಡೋಕಾಗ್ದೆ ಇದ್ರೂ ಕೇಳಿಸ್ತಿರಬಹುದು.

ಪ್ರಶ್ನೆ: ನಮ್ಮ ಯಜಮಾನರಿಗೆ ಕಾಯಿಲೆ ಏನು ಅಂತ ಹೇಳಿಲ್ಲ, ಗ್ಯಾಸ್ಟ್ರಿಕ್ ಅಲ್ಸರ್ ಅಂತ ಹೇಳಿದೀವಿ. ಹೇಳಿದ್ರೆ ಎದೆ ಒಡ್ಕೊಳ್ತಾರೆ. ಮುಚ್ಚಿಡೋದು ತಪ್ಪಾ? (ತುಮಕೂರು)

ಉತ್ತರ: ತಪ್ಪು ಅಂತ ನಾನು ಹೇಳಲ್ಲ, ಪ್ರೀತಿಯಿಂದ ಮಾಡಿದೀರಿ. ಆದ್ರೆ ದಿನದಿಂದ ದಿನಕ್ಕೆ ಸಣ್ಣ ಆಗ್ತಿರೋ ಮನುಷ್ಯನಿಗೆ, ಕ್ಯಾನ್ಸರ್ ಆಸ್ಪತ್ರೆ ಬೋರ್ಡ್ ಓದಿರೋ ಮನುಷ್ಯನಿಗೆ ಏನೂ ಗೊತ್ತಿಲ್ಲ ಅನ್ಕೋಬೇಡಿ. ಹೆಚ್ಚಿನವರಿಗೆ ಗೊತ್ತಿರುತ್ತೆ, ನೀವು ನೊಂದ್ಕೊಳ್ತೀರಿ ಅಂತ ಅವರೂ ನಾಟಕ ಮಾಡ್ತಿರ್ತಾರೆ, ಒಂದೇ ಮನೇಲಿ ಇಬ್ರೂ ಒಂಟಿ ಆಗ್ಬಿಡ್ತೀರಿ. ಅವರಿಗೆ ಜಮೀನಿನ ಪತ್ರದ ವಿಷಯ ಹೇಳ್ಬೇಕಾಗಿರಬಹುದು, ಮನೆದೇವರಿಗೆ ಹೋಗಿ ಬರ್ಬೇಕು ಅಂತಿರಬಹುದು, ಮಾತು ಬಿಟ್ಟಿರೋ ತಂಗೀನ ಒಂದ್ಸಲ ನೋಡ್ಬೇಕು ಅಂತಿರಬಹುದು. ಎಲ್ಲಾನೂ ಒಂದೇ ಸಲ ಹೇಳ್ಬಿಡಿ ಅಂತಲ್ಲ. "ಡಾಕ್ಟ್ರು ನಿಮ್ಮ ಕಾಯಿಲೆ ಬಗ್ಗೆ ಹೇಳಿದ್ರಲ್ಲಿ ನಿಮಗೆ ಏನನ್ಸುತ್ತೆ, ಏನಾದ್ರೂ ಕೇಳ್ಬೇಕಾ" ಅಂತ ಕೇಳಿ ಸುಮ್ನೆ ಕಾಯಿರಿ. ಅವರು ಬೇಡ ಅಂದ್ರೆ ಬಿಡಿ, ಕೇಳಿದ್ರೆ ಸುಳ್ಳು ಹೇಳ್ಬೇಡಿ. ಒಬ್ಬರೇ ಮಾಡೋಕೆ ಭಯ ಆದ್ರೆ ಪ್ಯಾಲಿಯೇಟಿವ್ ಕೇರ್ ಡಾಕ್ಟ್ರ ಮುಂದೆ ಕೂತು ಮಾತಾಡಿ, ಇದು ನಮ್ಮ ಕೆಲಸಾನೇ.

ಪ್ರಶ್ನೆ: ಹಾಸ್ಪಿಸ್ ಅಂದ್ರೆ ದಯಾಮರಣಾನಾ? ಲಿವಿಂಗ್ ವಿಲ್ ಅಂತ ಕರ್ನಾಟಕದಲ್ಲಿ ಏನೋ ಆರ್ಡರ್ ಬಂತಲ್ಲ, ಅದೂ ಇದೂ ಒಂದೇನಾ? (ಬೆಂಗಳೂರು)

ಉತ್ತರ: ಎರಡಕ್ಕೂ ಉತ್ತರ ಅಲ್ಲ. ಇಂಜೆಕ್ಷನ್ ಕೊಟ್ಟು ಜೀವ ತೆಗೆಯೋದು ನಮ್ಮ ದೇಶದಲ್ಲಿ ಅಪರಾಧ, ಸಾಂಡರ್ಸ್ ಕೂಡ ಅದನ್ನ ಕೊನೇ ತನಕ ವಿರೋಧಿಸಿದ್ರು. ಹಾಸ್ಪಿಸ್‌ನವರು ಸಾವನ್ನ ಬೇಗ ತರೋದೂ ಇಲ್ಲ, ಎಳೆದಾಡಿ ಮುಂದಕ್ಕೆ ಹಾಕೋದೂ ಇಲ್ಲ. ನೋವು ಕಮ್ಮಿ ಆಗಿ, ನಿದ್ದೆ ಬಂದು, ನಾಲ್ಕು ಜನರ ಜೊತೆ ಮಾತಾಡೋ ಹಾಗಾದ್ರೆ ಕೆಲವರು ಹೆಚ್ಚೇ ದಿನ ಬದುಕ್ತಾರೆ. 2010ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಒಂದು ಅಧ್ಯಯನ ಬಂತು, ಶ್ವಾಸಕೋಶದ ಕ್ಯಾನ್ಸರ್ ಹರಡಿರೋರಿಗೆ ಮೊದಲಿಂದಲೇ ಪ್ಯಾಲಿಯೇಟಿವ್ ಕೇರ್ ಸೇರಿಸಿದಾಗ ಅವರು ಕೊನೇಲಿ ಕೀಮೋ ಅಂತ ಓಡಾಡಿದ್ದು ಕಮ್ಮಿ, ಆದ್ರೂ ಬರೀ ಮಾಮೂಲಿ ಟ್ರೀಟ್‌ಮೆಂಟ್ ತಗೊಂಡೋರಿಗಿಂತ ಸರಾಸರಿ ಎರಡೂವರೆ ತಿಂಗಳಿಗೂ ಹೆಚ್ಚು ಕಾಲ ಬದುಕಿದ್ರು. ಅದಕ್ಕೇ ಕೊನೇ ವಾರದ ತನಕ ಕಾಯ್ಬೇಡಿ ಅಂತ ನಾನು ಬೇಡ್ಕೊಳ್ಳೋದು.

ನೀವು ಕೇಳಿದ ಆರ್ಡರ್ ಬೇರೆ ವಿಷಯ. ಘನತೆಯಿಂದ ಸಾಯೋದೂ ಹಕ್ಕು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತ್ತು, 2023ರಲ್ಲಿ ಅದರ ವಿಧಾನ ಸರಳ ಮಾಡ್ತು, ನಮ್ಮ ರಾಜ್ಯ ಸರ್ಕಾರ 2025ರ ಜನವರಿ ಕೊನೇಲಿ ಅದನ್ನ ಜಾರಿಗೆ ತರೋ ಆದೇಶ ಹೊರಡಿಸ್ತು. ಗುಣ ಆಗೋ ಆಸೆ ಇಲ್ದೆ ಇರೋ ಸ್ಥಿತೀಲಿ ವೆಂಟಿಲೇಟರ್ ತರದ್ದು ಬೇಡ ಅಂತ ನೀವು ಬುದ್ಧಿ ಸರಿಯಾಗಿರೋವಾಗ್ಲೇ ಬರೆದಿಡಬಹುದು, ಲಿವಿಂಗ್ ವಿಲ್ ಅನ್ನೋದು ಇದಕ್ಕೇ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಇಲ್ಲಾ ಗೆಜೆಟೆಡ್ ಆಫೀಸರ್ ಹತ್ರ ದೃಢೀಕರಿಸ್ಕೋಬೇಕು, ನಿಮ್ಮ ಪರವಾಗಿ ಮಾತಾಡೋರ ಹೆಸರೂ ಬರೀಬೇಕು. ಆ ಸಂದರ್ಭ ಬಂದಾಗ ಎರಡು ಹಂತದ ಡಾಕ್ಟ್ರ ಬೋರ್ಡ್ ನೋಡಿ ತೀರ್ಮಾನ ಮಾಡುತ್ತೆ. ಅದನ್ನ ಬರೆದ್ರೂ ಬರೀದಿದ್ರೂ ನೋವಿಗೆ ಆರೈಕೆ ಸಿಗಬೇಕಾದ್ದು ಸಿಗ್ಲೇಬೇಕು.

ಪ್ರಶ್ನೆ: ಮನೇಲೇ ತೀರ್ಕೊಂಡ್ರೆ ಪೊಲೀಸ್ ಕೇಸ್ ಆಗುತ್ತಾ? (ಶಿವಮೊಗ್ಗ)

ಉತ್ತರ: ಗೊತ್ತಿರೋ ಕಾಯಿಲೆಯಿಂದ ಸಹಜವಾಗಿ ಹೋದ್ರೆ ಆಗಲ್ಲ. ಡಿಸ್ಚಾರ್ಜ್ ಸಮ್ಮರಿ, ರಿಪೋರ್ಟ್ ಎಲ್ಲಾ ಒಂದು ಫೈಲಲ್ಲಿ ಇಡಿ, ನೋಡ್ತಿದ್ದ ಡಾಕ್ಟ್ರಿಗೆ ಮುಂಚೇನೇ ಹೇಳಿಡಿ, ಸಾವಿನ ಕಾರಣದ ಸರ್ಟಿಫಿಕೇಟ್ ಅವರೇ ಕೊಡ್ಬೇಕು. ಮರಣ ನೋಂದಣಿ 21 ದಿನದೊಳಗೆ ಮಾಡ್ಸಿ.

ಪ್ರಶ್ನೆ: ಅತ್ತೇನ ನೋಡ್ಕೊಳ್ತಿರೋದು ನಾನೊಬ್ಳೇ. ರಾತ್ರಿ ನಿದ್ದೆ ಅನ್ನೋದನ್ನ ಮರೆತೇ ಹೋಗಿದೀನಿ. ಯಾರಾದ್ರೂ ಒಂದು ವಾರ ನೋಡ್ಕೊಂಡ್ರೆ ಸಾಕು ಅನ್ಸುತ್ತೆ, ಹಾಗನ್ಸಿದ್ದಕ್ಕೆ ಪಾಪಪ್ರಜ್ಞೆ ಕಾಡುತ್ತೆ. (ಶಿರಸಿ)

ಉತ್ತರ: ಹಾಗನ್ಸೋದು ಸಹಜ, ನೀವು ಅಷ್ಟು ದಣಿದಿದೀರಿ. ಹಾಸ್ಪಿಸ್ ಅನ್ನೋದು ಪೇಷಂಟ್‌ಗೆ ಎಷ್ಟೋ ಮನೆಯವರಿಗೂ ಅಷ್ಟೇ, ನೋಡ್ಕೊಳ್ಳೋರಿಗೆ ವಿಶ್ರಾಂತಿ ಸಿಗ್ಲಿ ಅಂತಾನೇ ಕೆಲವು ಕಡೆ ಸ್ವಲ್ಪ ದಿನದ ಮಟ್ಟಿಗೆ ಅಡ್ಮಿಟ್ ಮಾಡ್ಕೊಳ್ತಾರೆ, ಪೇಷಂಟ್ ತೀರ್ಕೊಂಡ್ಮೇಲೂ ದುಃಖದಲ್ಲಿರೋ ಮನೆಯವರನ್ನ ವಿಚಾರಿಸ್ಕೊಳ್ತಾರೆ. ಜಿಲ್ಲಾಸ್ಪತ್ರೇಲಿ ಪ್ಯಾಲಿಯೇಟಿವ್ ಕೇರ್ ಸೇವೆ ಇದೆಯಾ ಅಂತ ವಿಚಾರಿಸಿ, ಅತ್ತೆಯವರ ರಿಪೋರ್ಟ್ ತಗೊಂಡು ಮಣಿಪಾಲದಲ್ಲೂ ಕೇಳಬಹುದು. ಅದು ಹೊಂದೋ ತನಕ ನಿಮ್ಮ ಯಜಮಾನರು, ನಾದಿನಿಯರನ್ನ ಕೂರಿಸ್ಕೊಂಡು ರಾತ್ರಿ ಪಾಳಿ ಹಂಚಿ, ನಂಗೆ ಆಗ್ತಿಲ್ಲ ಅಂತ ಬಾಯಿಬಿಟ್ಟು ಹೇಳಿ. ಅವರಿಗೆ ಮಾತು ಕೇಳಿಸ್ಲಿಲ್ಲ ಅಂದ್ರೆ ಈ ಪುಟಾನೇ ಓದೋಕೆ ಕೊಡಿ: ವಾರದಲ್ಲಿ ಎರಡು ರಾತ್ರಿಯಾದ್ರೂ ಈ ಹೆಣ್ಣುಮಗಳು ಬೇರೆ ರೂಮಲ್ಲಿ ಮಲಗಬೇಕು, ಇದು ಡಾಕ್ಟರ್ ಬರೆದಿರೋದು.